ಎರಡನೆಯ ಹನಿ

ನವೆಂಬರ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಆರೂಮುಕ್ಕಾಲಕ್ಕೆ ಬನಹಟ್ಟಿಯ ಮಗ್ಗದ ಓಣಿ ಪೊಲೀಸ್ ಠಾಣೆಗೆ ಒಬ್ಬ ತರುಣ ಬರಿಗಾಲಲ್ಲಿ ಓಡಿಬಂದ. ಹೆಸರು ಬಸವಕುಮಾರ. ಹುಟ್ಟೂರು ಸಾವಳಗಿ, ಆರು ತಿಂಗಳ ಹಿಂದೆ ಮದುವೆಯಾಗಿ ಬನಹಟ್ಟಿಯ ಮಾವನ ಮನೆಗೇ ಬಂದು ಉಳಿದವನು. ಮಾವ ಚನಮಲ್ಲಪ್ಪ ತಮ್ಮ ಮಗ್ಗದ ಶೆಡ್ಡಿನಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದಾರೆ ಎಂದು ಹೇಳಿದ.

ಸಿಪಿಐ ಯಲ್ಲಾಲಿಂಗ ಬಿರಾದಾರ ಚಹಾದ ಕಪ್ಪು ಪಕ್ಕಕ್ಕೆ ಸರಿಸಿದರು.

"ಕಡೀಕ ಯಾವಾಗ ನೋಡಿದ್ದಿ?"

"ನಿನ್ನೆ ಸಂಜೀಕರಿ. ಕರೆಂಟ್ ಹೋತು, ಕೆಲಸದವರು ಮನಿಗೆ ಹೋದ್ರು. ಮಾಂವ ಅಲ್ಲೇ ಉಳದ್ರು."

"ರಾತ್ರಿ ಬರಲಿಲ್ಲಂದ್ರ ಹುಡುಕಲಿಲ್ಲೇನು?"

"ಶೆಡ್ಡಿನ್ಯಾಗ ಮಲಗೂ ರೂಢಿ ಇತ್ರಿ ಅವರಿಗೆ."

"ಯಾರ ಮ್ಯಾಲರ ಸಂಶೆ?"

ಬಸವಕುಮಾರ ನೆಲ ನೋಡಿದ. "ನಾ ಏನ ಹೇಳ್ಲಿರಿ ಸಾಹೇಬ್ರ."

ಏಳೂವರೆಗೆ ಎಫ್‌ಐಆರ್ ದಾಖಲಾಯಿತು. ನ್ಯಾಯ ಸಂಹಿತೆಯ ಕಲಂ ನೂರಾ ಮೂರು, ಕೊಲೆ. ಇಂಥ ಗುನ್ನೆ ಎಂದರೆ ಈಗಿನ ಕಾನೂನಿನ ಪ್ರಕಾರ ಲ್ಯಾಬಿನವರು ಸ್ಥಳಕ್ಕೆ ಬರಲೇಬೇಕು. ಜಮಖಂಡಿಗೆ ಫೋನು ಹೋಯಿತು. ಅಲ್ಲಿ ಫೋನು ಎತ್ತಿದವಳು ಸಂಘಮಿತ್ರಾ.

ಈ ಸಂಘಮಿತ್ರಾ ಯಾರು ಎಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಜಮಖಂಡಿಯ ಹಳೆಯ ಬಂಗಲೆಯೊಂದರ ಹಿತ್ತಲಲ್ಲಿ ಎರಡು ಕೋಣೆ, ಒಂದು ಫ್ರಿಜ್ಜು, ಒಂದು ವ್ಯಾನು. ಹೆಸರಿಗೆ ಅಪರಾಧ ಪ್ರಯೋಗಾಲಯ; ಓಣಿಯವರಿಗೆ 'ರಗತದ ಆಫೀಸು'. ಎರಡು ತಿಂಗಳ ಹಿಂದೆ ಆಕೆ ಅಲ್ಲಿಗೆ ವೈಜ್ಞಾನಿಕ ಅಧಿಕಾರಿಯಾಗಿ ಬಂದಳು. ಧಾರವಾಡದಲ್ಲಿ ಎಂ.ಎಸ್ಸಿ., ಕೈಯಲ್ಲಿ ಮೊದಲ ನೌಕರಿ, ಮನಸ್ಸಿನಲ್ಲಿ ಬೆಟ್ಟದಷ್ಟು ಹುರುಪು. ಅಲ್ಲಿದ್ದವರು ಇಬ್ಬರು. ಬೆರಳಚ್ಚಿನ ಬಸಗೊಂಡಪ್ಪ, ತೇರದಾಳದವರು, ತಲೆ ಪೂರ್ತಿ ಬೆಳ್ಳಗಾದವರು. ಫೋಟೋ ತೆಗೆಯುವ, ವ್ಯಾನೂ ಓಡಿಸುವ ಪ್ರಥಮೇಶ. ಮೊದಲ ದಿನ ಬಸಗೊಂಡಪ್ಪ ಕೇಳಿದ್ದು ಎರಡೇ ಪ್ರಶ್ನೆ.

"ಯಾ ಊರು ತಂಗಿ?"

"ಬಾಡಗಂಡಿರಿ. ಬೀಳಗಿ ತಾಲೂಕು. ಅಪ್ಪ ಸಕ್ಕರಿ ಫ್ಯಾಕ್ಟರ್‍ಯಾಗ ಅದಾನ್ರಿ."

"ಅಡ್ಡಹೆಸರು?"

ಹೇಳಿದಳು. ಮೂರನೆಯ ಪ್ರಶ್ನೆ ಬರಲಿಲ್ಲ. 'ತಂಗಿ' ಎನ್ನುವುದೂ ಅಲ್ಲಿಗೇ ನಿಂತು 'ಮೇಡಂ' ಆಯಿತು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಇಬ್ಬರೂ ಒಳಕೋಣೆಯ ಮೇಜಿಗೆ ಹೋಗುತ್ತಿದ್ದರು. ಆಕೆಯ ಡಬ್ಬಿ ಸಿಂಕಿನ ಪಕ್ಕದ ಸ್ಟೂಲಿನ ಮೇಲೆ ತೆರೆಯುತ್ತಿತ್ತು. ಅಲ್ಲಿ ಕೂರು ಎಂದು ಯಾರೂ ಹೇಳಿರಲಿಲ್ಲ. ಇಂಥದ್ದನ್ನು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಹುಡುಗಿ ಜಾಣೆ, ಹೇಳಿಸಿಕೊಳ್ಳದೆ ತಿಳಿದುಕೊಂಡಳು. ಒಂದು ದಿನ ಕೆಲಸ ನೋಡಿಯಾದರೂ ಒಳಗೆ ಕರೆದಾರು ಎಂಬ ಆಸೆಯನ್ನು ಮಾತ್ರ ಬಿಡಲಿಲ್ಲ.

ಒಂಬತ್ತೂವರೆಗೆ ವ್ಯಾನು ಬನಹಟ್ಟಿ ಸೇರಿತು. ಶೆಡ್ಡಿನಲ್ಲಿ ಎಂಟು ಮಗ್ಗ, ಎಂಟೂ ನಿಂತಿದ್ದವು. ಮೂರನೆಯ ಮಗ್ಗದ ಬುಡದಲ್ಲಿ ಚನಮಲ್ಲಪ್ಪನವರ ಹೆಣ. ಹಿಂದಿನಿಂದ ಪೆಟ್ಟು ಬಿದ್ದು, ಮಗ್ಗಕ್ಕೆ ಬಿಗಿದ ನೂಲಿನ ಹಾಸಿನ ಮೇಲೆ ಒರಗಿ, ಆಮೇಲೆ ಕೆಳಗೆ ಜಾರಿದ್ದು ಸ್ಪಷ್ಟವಾಗಿತ್ತು. ಬಿಗಿದ ಎಳೆಗಳ ಮೇಲೆಲ್ಲ ರಕ್ತ. ಮಗ್ಗದ ನಟ್ಟು ಬಿಗಿಯುವ ದೊಡ್ಡ ಪಾನಾವನ್ನು ಯಾರೋ ತೊಳೆದು ಹತ್ಯಾರಿನ ಡಬ್ಬಿಗೆ ಹಾಕಿದ್ದರು. ಅದರ ಮೇಲೆ ಬಸಗೊಂಡಪ್ಪನವರಿಗೆ ಒಂದು ಬೆರಳಿನ ಗುರುತೂ ಸಿಗಲಿಲ್ಲ. ಪ್ರಥಮೇಶ ಎಲ್ಲ ಕಡೆಯಿಂದ ಫೋಟೋ ತೆಗೆದ. ಪಂಚರ ಸಮಕ್ಷಮ ಪಂಚನಾಮೆ ಆಯಿತು.

ಕೆಲಸದವರೆಲ್ಲ ಒಂದೇ ಮಾತು ಹೇಳಿದರು. ನಿನ್ನೆ ಸಂಜೆ ಹಿರಿಯ ನೇಕಾರ ಜಕ್ಕಪ್ಪನಿಗೂ ಧಣಿಗೂ ಭಾರೀ ಬಾಯಿ ಆಯಿತು. ಯಾಕೆ ಎಂದು ಕೇಳಿಸಲಿಲ್ಲ, ಮಗ್ಗದ ಸಪ್ಪಳ. ಜಕ್ಕಪ್ಪ ಕೈ ಎತ್ತಿ ಕೈ ಎತ್ತಿ ಮಾತಾಡುತ್ತಿದ್ದುದು ಮಾತ್ರ ಕಂಡಿತು.

ಜಕ್ಕಪ್ಪನ ಮನೆ ಎರಡು ಓಣಿ ಆಚೆ. ಜೀಪು, ಹಿಂದೆ ವ್ಯಾನು, ಅದರ ಹಿಂದೆ ಅರ್ಧ ಊರು. ಐವತ್ತೆಂಟರ ಜಕ್ಕಪ್ಪ ಅಂಗಳದಲ್ಲಿ ನಿಂತಿದ್ದ.

"ಜಗಳ ಯಾಕ ಆತು?" ಬಿರಾದಾರ ಕೇಳಿದರು.

"ಅದು ಅವರ ಮನಿ ಮಾತರಿ. ಸತ್ತಾವರ ಮನಿ ಮಾತ ನಾ ಆಡೂದಿಲ್ಲ."

"ಆಡಬೇಕಾಗತೈತಿ."

"ಆಡೂದಿಲ್ರಿ."

ಅಷ್ಟರಲ್ಲಿ ಪೇದೆಯೊಬ್ಬ ಹಿತ್ತಲಿನಿಂದ ಕೂಗಿದ. ಬಕೆಟ್ಟಿನಲ್ಲಿ ಸಾಬಾಣದ ನೀರು, ನೀರಿನಲ್ಲಿ ನೆನೆಹಾಕಿದ ಬಿಳಿ ಅಂಗಿ, ಅಂಗಿಯ ಎದೆ ಮತ್ತು ಹೆಗಲ ಮೇಲೆ ಇಟ್ಟಂಗಿ ಬಣ್ಣದ ಕಲೆ.

"ಏನಲೇ ಇದು?"

"ಭಂಡಾರರಿ. ಬೀರಪ್ಪನ ಗುಡ್ಯಾಗ ನಿನ್ನೆ ಪಾಳಿ ನಂದಿತ್ತು. ಎಲ್ಲಾರಿಗೂ ಹಚ್ಚೂದು ನನ್ನ ಕೆಲಸ."

"ಅರಿಷಿಣ ಯಾವಾಗಿಂದ ಕೆಂಪಾತೋ?" ಪೇದೆ ನಕ್ಕ. ಬೇಲಿಯಾಚೆ ನಿಂತ ಊರೂ ನಕ್ಕಿತು.

ಬಾಗಿಲ ಬಳಿಯಿಂದ ಜಕ್ಕಪ್ಪನ ಹೆಂಡತಿ ಮುತ್ತವ್ವ ಬಾಯಿ ತೆರೆದಳು. "ಸಾಹೇಬ್ರ, ಸಾಬಾಣಕ್ಕ ಅದು—"

"ನೀ ಸುಮ್ಮನಿರಬೇ," ಎಂದರು ಬಿರಾದಾರ. ಆಮೇಲೆ ಸಂಘಮಿತ್ರಾಳ ಕಡೆ ತಿರುಗಿದರು. "ಏನ್ರಿ ಮೇಡಮ್ಮಾರ, ನಿಮ್ಮ ಬಾಟ್ಲಿ ಏನ ಅಂತಾವು?"

ಎರಡು ತಿಂಗಳಲ್ಲಿ ಒಬ್ಬರು ಆಕೆಯನ್ನು ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲು. ಬಸಗೊಂಡಪ್ಪ ಕೈಕಟ್ಟಿ ನೋಡುತ್ತಿದ್ದರು. ಪ್ರಥಮೇಶ ಕ್ಯಾಮೆರಾ ಎತ್ತಿದ.

ಪರೀಕ್ಷೆ ಸರಳವಾದದ್ದು. ಕಲೆಯ ಮೇಲೆ ಕಾಗದ ಒತ್ತಬೇಕು. ಕಾಗದಕ್ಕೆ ಮೊದಲ ಬಾಟಲಿಯಿಂದ ಒಂದು ಹನಿ ಸ್ಪಿರಿಟ್ಟು. ಎರಡನೆಯ ಬಾಟಲಿಯಿಂದ ಒಂದು ಹನಿ ಮದ್ದು, ಅದು ಕ್ಷಾರದ್ದು. ಆಮೇಲೆ ನಿಲ್ಲಬೇಕು, ಇದೇ ಮುಖ್ಯ. ಆಗ ಬಣ್ಣ ಬರಕೂಡದು. ಬಾರದಿದ್ದರೆ ಮಾತ್ರ ಮೂರನೆಯ ಹನಿ. ಮೂರನೆಯದಕ್ಕೆ ಗುಲಾಬಿಯಾದರೆ ರಕ್ತ ಇರಬಹುದು. ಎರಡನೆಯದಕ್ಕೇ ಬಣ್ಣ ಬಂದರೆ ಆ ಪರೀಕ್ಷೆ ಅಲ್ಲಿಗೇ ರದ್ದು.

ಸಂಘಮಿತ್ರಾ ಮೊದಲ ಹನಿ ಹಾಕಿದಳು. ಎರಡನೆಯ ಹನಿ ಹಾಕಿದಳು. ಕಾಗದ ಕೆಂಪಾಯಿತು.

ಅವಳು ಅದನ್ನು ಕಂಡಳು. ಕಾಣಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಆದರೆ ಕೈ ನಿಲ್ಲಲಿಲ್ಲ. ಮೂರನೆಯ ಬಾಟಲಿ ಆಗಲೇ ಬೆರಳಲ್ಲಿತ್ತು, ಹನಿ ಬಿದ್ದೇ ಬಿಟ್ಟಿತು. ಕೆಂಪು ಕೆಂಪಾಗಿಯೇ ಇತ್ತು. ಸುತ್ತ ನಿಂತವರೆಲ್ಲ "ಹೋ" ಎಂದರು. ನಿಲ್ರಿ, ಇದು ತಪ್ಪಾತು, ಇನ್ನೊಮ್ಮೆ ಮಾಡ್ತೀನಿ ಎನ್ನಬೇಕು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಜನ, ಅಷ್ಟು ಕಣ್ಣು. ಹೊಸದಾಗಿ ಬಂದವಳ ಕೈ ನಡುಗಿತು ಎನ್ನುತ್ತಾರೆ.

"ಪಾಸಿಟಿವ್ ಸರ್," ಎಂದಳು.

ಕತ್ತೆತ್ತಿದಾಗ ಜಕ್ಕಪ್ಪ ಆಕೆಯನ್ನೇ ನೋಡುತ್ತಿದ್ದ. ಅಂಗಿಯನ್ನಲ್ಲ, ಕಾಗದವನ್ನಲ್ಲ, ಆಕೆಯ ಮುಖವನ್ನು. ಅವಳು ಬಾಟಲಿಯ ಮುಚ್ಚಳ ಹುಡುಕತೊಡಗಿದಳು. ಪರೀಕ್ಷೆಯ ವರದಿಗೆ ಅವಳ ಸಹಿ, ಅದರ ಕೆಳಗೆ ಬಸಗೊಂಡಪ್ಪನವರ ಸಹಿ. ಹನ್ನೆರಡೂ ಹತ್ತಕ್ಕೆ ಜಕ್ಕಪ್ಪನ ದಸ್ತಗಿರಿ ಆಯಿತು. ಅಂಗಿ ಅರಗಿನ ಮುದ್ರೆಯೊಳಗೆ ಹೋಯಿತು.

ಜಮಖಂಡಿಗೆ ವಾಪಸು ಬಂದಾಗ ಮೂರು ಗಂಟೆ. ಸಂಘಮಿತ್ರಾ ಎಂದಿನಂತೆ ಸ್ಟೂಲಿನ ಮೇಲೆ ಡಬ್ಬಿ ಇಟ್ಟಳು. ಒಳಗಿನಿಂದ ಬಸಗೊಂಡಪ್ಪನವರ ದನಿ ಬಂತು.

"ಹೊರಗ ಯಾಕ ಕುಂತೀ ತಂಗಿ? ಒಳಗ ಬಾ. ಶೇಂಗಾ ಹಿಂಡಿ ಐತಿ."

ತಂಗಿ! ಎದ್ದು ಹೋದಳು. ಪ್ರಥಮೇಶ ಕುರ್ಚಿ ಎಳೆದುಕೊಟ್ಟ. ಬಸಗೊಂಡಪ್ಪ ತಮ್ಮ ಡಬ್ಬಿಯಿಂದ ಕಡಕ್ ರೊಟ್ಟಿ ಮುರಿದು ಆಕೆಯ ಕೈಗೆ ಕೊಟ್ಟು, ಆಕೆಯ ಡಬ್ಬಿಯಿಂದ ಪಲ್ಲೆ ಎತ್ತಿಕೊಂಡರು. ಎತ್ತಿಕೊಂಡು ಉಂಡರು. "ಛಲೋ ಆಗೇತಿ. ನಿಮ್ಮವ್ವ ಮಾಡಿದ್ದೇನು?" ಎಂದೂ ಕೇಳಿದರು. ಎರಡು ತಿಂಗಳು ಕಾದ ಘಳಿಗೆ ಅದು. ಬಾಯಲ್ಲಿದ್ದ ರೊಟ್ಟಿಯನ್ನು ನೀರು ಕುಡಿದು ನುಂಗಿದಳು.

ಆಮೇಲಿನ ದಿನಗಳು ಬೇರೆಯೇ ಆದವು. ಮುಧೋಳದಲ್ಲಿ ಕಳವಾದಾಗ ವ್ಯಾನಿನ ಮುಂದಿನ ಸೀಟು ಆಕೆಯದು. ಪ್ರಥಮೇಶ ದಾರಿಯುದ್ದಕ್ಕೂ ತಮಾಷೆ ಮಾಡುತ್ತ, "ನಮ್ಮ ಮೇಡಂ ಬಂದ್ರಂದ್ರ ಅಂಗಿ ತಾನs ಖರೆ ಹೇಳತೈತಿ" ಎನ್ನುತ್ತಿದ್ದ. ಅವಳು ನಗುತ್ತಿದ್ದಳು. ಮನುಷ್ಯರ ಮನಸ್ಸು ಎಂಥ ವಕೀಲ ಎಂದರೆ, ದಿನಕ್ಕೆ ಹತ್ತು ಸಲ ವಾದ ಮಾಡಿ ಹತ್ತು ಸಲವೂ ಗೆಲ್ಲುತ್ತಿತ್ತು: ಜಗಳ ಆದದ್ದು ಖರೆ, ಜಕ್ಕಪ್ಪ ಬಾಯಿ ಬಿಡದ್ದು ಖರೆ, ಅಂಗಿ ಹೇಗೂ ಮೇಲಿನ ದೊಡ್ಡ ಲ್ಯಾಬಿಗೆ ಹೋಗಿದೆ, ಅಲ್ಲಿ ನೋಡಿಕೊಳ್ಳುತ್ತಾರೆ. ಜಕ್ಕಪ್ಪ ಜೈಲಿನಲ್ಲಿದ್ದ.

ನವೆಂಬರ್ ಇಪ್ಪತ್ತು, ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಟ್ರ್ಯಾಕ್ಟರಿಗೆ, ಮಗ್ಗಕ್ಕೆ, ಪಂಚರ್ ಅಂಗಡಿಯ ಪಂಪಿಗೆ ಸಹ ಪೂಜೆ. ಲ್ಯಾಬು ಬಿಟ್ಟೀತೆ? ಪ್ರಥಮೇಶ ವ್ಯಾನು ತೊಳೆದು ಅರಿಷಿಣ ಕುಂಕುಮ ಹಚ್ಚಿ, ಲಿಂಬೆಹಣ್ಣು ಕೊಯ್ದು, ಮೂರು ಬಾಟಲಿಗಳ ಪೆಟ್ಟಿಗೆಗೂ ಅರಿಷಿಣ ಬಳಿದ. "ಇದು ನಿಮ್ಮದು ಮೇಡಂ, ನೀವs ಕಾಯಿ ಒಡೀರಿ." ಒಡೆದಳು. ಚೂಡಿದಾರದ ಓಡನಿಯ ಸೆರಗಿಗೆ ಅರಿಷಿಣ ಹತ್ತಿತು. ಸಿಂಕಿಗೆ ಹೋಗಿ ಸಾಬಾಣ ಹಚ್ಚಿ ಉಜ್ಜಿದಳು.

ಹಳದಿ ಕಲೆ ಇಟ್ಟಂಗಿ ಬಣ್ಣಕ್ಕೆ ತಿರುಗಿತು.

ಇದು ಆಕೆಗೆ ಗೊತ್ತಿಲ್ಲದ ಸಂಗತಿಯೇ? ಬಾಡಗಂಡಿಯ ಬಾವಿಕಟ್ಟೆಯಲ್ಲಿ ಅವ್ವನ ಜೊತೆ ಎಷ್ಟು ಅಂಗಿ ಒಗೆದಿಲ್ಲ? ಅರಿಷಿಣ ಕ್ಷಾರಕ್ಕೆ ಕೆಂಪಾಗುತ್ತದೆ ಎಂದು ಶಾಲೆಯಲ್ಲಿ ಬೇರೆ ಓದಿದ್ದಳು. ಮುತ್ತವ್ವ ಬಾಯಿ ತೆರೆದಾಗ ಬಂದ ಮೊದಲ ಮಾತೇ ಸಾಬಾಣ. ಅದನ್ನೂ ಕೇಳಿದ್ದಳು. ಒದ್ದೆ ಸೆರಗಿನ ಮೇಲೆ ಕಾಗದ ಒತ್ತಿ ಮೊದಲ ಹನಿ ಹಾಕಿದಳು, ಎರಡನೆಯ ಹನಿ ಹಾಕಿದಳು. ಅಂದು ಬಂದ ಬಣ್ಣವೇ ಬಂತು. ಹೊರಗೆ ಪ್ರಥಮೇಶ ಪ್ರಸಾದದ ಕೊಬ್ಬರಿ ಹೆಚ್ಚುತ್ತಿದ್ದ.

ಬಸಗೊಂಡಪ್ಪನವರಿಗೆ ಕಾಗದ ತೋರಿಸಿ ಎಲ್ಲ ಹೇಳಿದಳು. ಅವರು ಎದ್ದು ಬಾಗಿಲು ಮುಚ್ಚಿದರು.

"ಯಾರಿಗೆ ಹೇಳಿದ್ದಿ?"

"ನಿಮಗs ಮೊದಲ್ರಿ ಕಾಕಾ."

"ಹಂಗಂದ್ರ ಸುಮ್ಮನಿರು. ಮ್ಯಾಲಿನ ಲ್ಯಾಬಿನಿಂದ ರಗತ ಅಲ್ಲಂತ ವರದಿ ಬರತೈತಿ, ಅಂವ ತಾನs ಹೊರಗ ಬರತಾನ. ಯಾರ ತಲಿ ಮ್ಯಾಲೂ ಬರೂದಿಲ್ಲ."

"ಅದಕ್ಕ ತಿಂಗಳಗಟ್ಟಲೆ ಆಗತೈತ್ರಿ."

"ಆಗ್ಲಿ. ಮುಂದಿನ ವರ್ಷ ನನ್ನ ನಿವೃತ್ತಿ. ನನ್ನ ಸಹೀನೂ ಐತಿ ಅದರಾಗ." ಅವರು ದನಿ ತಗ್ಗಿಸಿದರು. "ನಿನ್ನ ಸಲುವಾಗೂ ಹೇಳಾಕತ್ತೀನಿ ತಂಗಿ. ನಾ ತಪ್ಪಿದ್ರ ಕೈತಪ್ಪು ಅಂತಾರ. ನೀ ತಪ್ಪಿದ್ರ ಏನಂತಾರ ಗೊತ್ತೈತಿಲ್ಲ?"

ಗೊತ್ತಿತ್ತು. ಆಕೆಯ ತಪ್ಪು ಆಕೆಯೊಬ್ಬಳದಾಗಿ ಉಳಿಯುವುದಿಲ್ಲ. ಅಪ್ಪನದಾಗುತ್ತದೆ, ಓಣಿಯದಾಗುತ್ತದೆ, ನಾಳೆ ಅದೇ ಅಡ್ಡಹೆಸರು ಹೊತ್ತು ನೌಕರಿಗೆ ಬರುವ ಹುಡುಗಿಯದಾಗುತ್ತದೆ. ಆ ಮಾತು ಹೇಳಿದ್ದು ಪ್ರೀತಿಯಿಂದ. ಅದಕ್ಕೇ ಇನ್ನಷ್ಟು ಉರಿಯಿತು. ಅವಳು ಸುಮ್ಮನಾದಳು. ಮರುದಿನವೂ ಸುಮ್ಮನಿದ್ದಳು, ಒಳಕೋಣೆಯ ಮೇಜಿನಲ್ಲಿ ಕೂತು ರೊಟ್ಟಿ ತಿಂದಳು.

ಶನಿವಾರ ಬೆಳಿಗ್ಗೆ ಲ್ಯಾಬಿನ ಗೇಟಿನ ಬಳಿ ಮುತ್ತವ್ವ ಕೂತಿದ್ದಳು. ಜೈಲಿಗೆ ಗಂಡನನ್ನು ನೋಡಲು ಬಂದವಳು ಕೇಳಿಕೊಂಡು ಇಲ್ಲಿಗೂ ಬಂದಿದ್ದಳು. ಸಂಘಮಿತ್ರಾಳನ್ನು ಕಂಡು ಎದ್ದು ನಿಂತು ಕೈ ಮುಗಿದಳು. ಬಯ್ಯಲು ಬಂದಿರಬೇಕು ಎಂದುಕೊಂಡಿದ್ದಳು ಇವಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಯವ್ವಾ, ತಪ್ಪು ನಂದು," ಎಂದಳು ಮುತ್ತವ್ವ. "ಅಂಗಿ ನಾನs ನೆನಿ ಹಾಕಿದ್ನಿ. ಹಂಗs ಬಿಟ್ಟಿದ್ರ ಹಳದಿ ಇರತಿತ್ತು, ನೀವು ಒಯ್ತಿದ್ದಿಲ್ಲ. ಅವರು ನನಗ ಒಂದ ಮಾತ ಅಂದಿಲ್ಲ. ಗುಡ್ಯಾಗ ಅವರ ಪಾಳಿ ಬ್ಯಾರೇದವರಿಗೆ ಕೊಟ್ರು. ನಮ್ಮ ಮನಿ ಭಂಡಾರ ಯಾರೂ ಮುಟ್ಟವಲ್ರು. ನೀ ಓದಿದಾಕಿ, ನಿನಗ ಸಿಟ್ಟ ಬರಬಾರದು. ಇನ್ನೊಮ್ಮೆ ನೋಡವ್ವ, ಅಷ್ಟ."

ಸಂಘಮಿತ್ರಾಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋಗಿ ಪೆಟ್ಟಿಗೆ ತೆಗೆದುಕೊಂಡಳು. ಬಸಗೊಂಡಪ್ಪ ಬಾಗಿಲಿಗೆ ಬಂದರು.

"ಎಲ್ಲಿಗೆ?"

"ಬನಹಟ್ಟಿಗಿರಿ."

"ಯೋಚನಿ ಮಾಡಿದ್ದೀ?"

"ಹನ್ನೊಂದ ದಿನ ಅದನ್ನs ಮಾಡೀನ್ರಿ ಕಾಕಾ. ಸಾಕಾತು."

ಅವರು ದಾರಿ ಬಿಟ್ಟರು. ಪ್ರಥಮೇಶ ವ್ಯಾನಿನ ಕೀಲಿ ಜೇಬಿನಲ್ಲೇ ಇಟ್ಟುಕೊಂಡು ಬೇರೆಲ್ಲೋ ನೋಡಿದ. ಅವಳು ಮುತ್ತವ್ವನ ಜೊತೆ ಬಸ್ಸು ಹತ್ತಿದಳು.

ಬಿರಾದಾರ ಎಲ್ಲ ಕೇಳಿಸಿಕೊಂಡರು. ಮೇಜಿನ ಮೇಲೆ ಎರಡು ಕಾಗದ: ಅಂದಿನ ಪರೀಕ್ಷೆಯ ಫೋಟೋ, ಅಮಾವಾಸ್ಯೆಯ ಅರಿಷಿಣದ್ದು.

"ಯಾವಾಗ ಗೊತ್ತಾತು?"

ಅಮಾವಾಸ್ಯೆ ದಿನ ಎನ್ನಬಹುದಿತ್ತು. ಅದೂ ಅರ್ಧ ಖರೆಯೇ. ಯಾರೂ ಮತ್ತೆ ಕೇಳುತ್ತಿರಲಿಲ್ಲ.

"ಅವತ್ತs ರೀ ಸರ್. ಎರಡನೇ ಹನಿಗೆ."

ಸಿಪಿಐ ಮುಖ ಕಪ್ಪಿಟ್ಟಿತು. "ಅವತ್ತs ಗೊತ್ತಿತ್ತು, ಬಾಯಿ ಮುಚ್ಚಿಕೊಂಡಿದ್ರಿ! ನಾ ಕೋರ್ಟಿಗೆ ಏನ ಹೇಳ್ಲಿ? ಪೇಪರಿನವರಿಗೆ ಏನ ಹೇಳ್ಲಿ?"

"ನನ್ನ ಹೆಸರ ಹೇಳ್ರಿ."

ಬಿರಾದಾರ ಎದ್ದು ಕಿಟಕಿಯ ತನಕ ಹೋಗಿ ಬಂದರು. "ಆ ಹೆಣ್ಣಮಗಳು ಹೇಳಾಕ ಬಂದಿದ್ಲು. ಸುಮ್ಮನಿರಬೇ ಅಂದಾವ ನಾನು," ಎಂದರು ಕೊನೆಗೆ. "ಬರದ ಕೊಡ್ರಿ. ಶೆಡ್ಡು ಇನ್ನೂ ಸೀಲ್ ಐತಿ. ನಾಳೆ ಬೆಳಿಗ್ಗೆ ಬರ್ರಿ, ಮೊದಲಿಂದ ನೋಡೂಣು."

ಭಾನುವಾರ ಬೆಳಿಗ್ಗೆ ಶೆಡ್ಡಿನ ಬಾಗಿಲಿಗೆ ಹೋದರೆ ಅಲ್ಲಿ ವ್ಯಾನು ನಿಂತಿತ್ತು. ಬಸಗೊಂಡಪ್ಪ ಗೋಡೆಗೆ ಒರಗಿದ್ದರು, ಮುಖ ಗಂಟಿಕ್ಕಿತ್ತು. "ನಿನ್ನ ಸಲುವಾಗಿ ಬಂದಿಲ್ಲ," ಎಂದರು. "ನನ್ನ ಸಹಿ ಐತಿ ಅದರ ಮ್ಯಾಲ." 'ತಂಗಿ' ಇರಲಿಲ್ಲ, 'ಮೇಡಂ' ಸಹ ಇರಲಿಲ್ಲ. ಅವಳಿಗೆ ಅಷ್ಟೇ ಸಾಕಾಯಿತು.

ಸೀಲು ಒಡೆದು ಒಳಗೆ ಹೋದರು. ಮೂರನೆಯ ಮಗ್ಗದ ಹಾಸು ಹಾಗೇ ಬಿಗಿದು ನಿಂತಿತ್ತು. ಸಂಘಮಿತ್ರಾ ಬಗ್ಗಿ ಒಂದೊಂದೇ ಎಳೆ ನೋಡುತ್ತ ಬಂದಳು. ಚನಮಲ್ಲಪ್ಪ ಬಿದ್ದ ಭಾರಕ್ಕೆ ನಡುವಿನ ಕೆಲವು ಎಳೆ ಕಡಿದಿರಬೇಕಿತ್ತು. ಕಡಿದಿದ್ದವು, ಆದರೆ ಯಾರೋ ಅವನ್ನು ಮತ್ತೆ ಕಟ್ಟಿದ್ದರು. ಒಂಬತ್ತು ಗಂಟು, ಕಂದು ಬಣ್ಣಕ್ಕೆ ತಿರುಗಿದವು.

"ಈ ಗಂಟು ಮೊದಲs ಇದ್ದುವೇನು?" ಎಂದು ಕೇಳಿದಳು.

ಪ್ರಥಮೇಶ ಬಗ್ಗಿ ನೋಡಿದ. ಅವನ ತಾಯಿಯ ತವರು ರಬಕವಿ, ಮಗ್ಗದ ಮನೆ. ನೋಡುತ್ತಲೇ ಅವನ ಮುಖ ಇಳಿಯಿತು. "ಇದು ನೇಕಾರರ ಗಂಟಲ್ರಿ. ನಮ್ಮ ಮಾಮಾ ಒಂದ ಕೈಲೆ ಹಾಕ್ತಾನ, ಅಕ್ಕಿಕಾಳಿನಷ್ಟೂ ಕಾಣೂದಿಲ್ಲ. ಇದು ಚೀಲದ ಬಾಯಿ ಕಟ್ಟಿದಂಗ ಕಟ್ಟ್ಯಾರ. ಮಗ್ಗ ಚಾಲೂ ಮಾಡಿದ್ರ ಎಳಿ ಹಾಯೂ ಹಣಗ್ಯಾಗ ಸಿಕ್ಕು ಮತ್ತ ಕಡೀತಾವು." ಸ್ವಲ್ಪ ತಡೆದು ಸೇರಿಸಿದ. "ನಾ ಫೋಟೋ ತಗದೀನಿ ಇದರದು. ನೋಡಿಲ್ಲ."

ಗಂಟಿನ ಹೊರಗೆ ರಕ್ತ ಹೇಗಾದರೂ ಸಿಡಿದೀತು. ಗಂಟಿನ ಒಳಗೆ ಇದ್ದರೆ, ಕಟ್ಟುವ ಮೊದಲೇ ಎಳೆಗೆ ರಕ್ತ ಹತ್ತಿತ್ತು ಎಂದರ್ಥ. ಅಂದರೆ ಕಟ್ಟಿದವನು ಕೊಲೆಯಾದ ಮೇಲೆ ಇಲ್ಲಿ ಕೂತಿದ್ದ. ಫೋಟೋ ತೆಗೆದು, ಪಂಚರ ಎದುರಿಗೆ ಸಂಘಮಿತ್ರಾ ಚಿಮಟಿಗೆಯಿಂದ ಒಂದು ಗಂಟು ಬಿಚ್ಚಿ, ಒಳಮೈಯನ್ನು ಕಾಗದಕ್ಕೆ ಒತ್ತಿದಳು. ಮೊದಲ ಹನಿ. ಎರಡನೆಯ ಹನಿ.

"ನಿಲ್ಲು," ಎಂದರು ಬಸಗೊಂಡಪ್ಪ. ಗಟ್ಟಿಯಾಗಿ, ಶಾಲೆಯ ಮಾಸ್ತರರಂತೆ ಎಣಿಸತೊಡಗಿದರು. ಮೂವತ್ತು ಎಂದಾಗಲೂ ಕಾಗದ ಬೆಳ್ಳಗೇ ಇತ್ತು. "ಈಗ ಹಾಕು."

ಮೂರನೆಯ ಹನಿಗೆ ಗುಲಾಬಿ ಬಣ್ಣ ಅರಳಿತು. ಒಂಬತ್ತರಲ್ಲಿ ಮೂರು ಬಿಚ್ಚಿದರು, ಮೂರಕ್ಕೂ ಅದೇ ಬಣ್ಣ. ಉಳಿದವು ಸೀಲಾಗಿ ಮೇಲಿನ ಲ್ಯಾಬಿಗೆ ಹೊರಟವು.

ಬಿರಾದಾರ ಕೆಲಸದವರನ್ನು ಒಬ್ಬೊಬ್ಬರಾಗಿ ಕರೆದು ಒಂದೇ ಪ್ರಶ್ನೆ ಕೇಳಿದರು. "ಈ ಶೆಡ್ಡಿನ್ಯಾಗ ಗಂಟ ಹಾಕಾಕ ಬರದಾವ ಯಾರು?" ಎಲ್ಲರೂ ಮೊದಲು ನಕ್ಕರು. ಆಮೇಲೆ ಎಲ್ಲರೂ ಒಂದೇ ಹೆಸರು ಹೇಳಿದರು. ಹೇಳಿದ ಮೇಲೆ ಯಾರೂ ನಗಲಿಲ್ಲ.

ನವೆಂಬರ್ ಇಪ್ಪತ್ತನಾಲ್ಕು, ಸೋಮವಾರ. ಹನ್ನೊಂದು ಗಂಟೆಗೆ ಬಸವಕುಮಾರ ಠಾಣೆಗೆ ಬಂದ. ಮೇಜಿನ ಮೇಲೆ ಎರಡು ತುಂಡು ನೂಲು ಇದ್ದವು. ಸಂಘಮಿತ್ರಾ ಗೋಡೆಯ ಬದಿಗೆ ಕೂತಿದ್ದಳು.

"ಗಂಟ ಹಾಕು," ಎಂದರು ಬಿರಾದಾರ.

ಅವನು ನೂಲು ಎತ್ತಿಕೊಂಡ. ಒಮ್ಮೆ ಹಾಕಿ ಬಿಚ್ಚಿದ, ಮತ್ತೆ ಹಾಕಿದ. ದಪ್ಪ, ಚೀಲದ ಬಾಯಿಯಂಥ ಗಂಟು. ಅದನ್ನು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಜಕ್ಕಪ್ಪ ಕಾಕಾ ಹೆಂಗದಾನ್ರಿ?" ಎಂದ. ಮೊದಲು ಕೇಳಿದ್ದು ಅದನ್ನೇ.

ಅವನ ಹೇಳಿಕೆ ಉದ್ದವಾಗಿಯೇನೂ ಇರಲಿಲ್ಲ. ಸಾವಳಗಿಯ ಹೊಲದ ಮನೆಯ ಹುಡುಗ, ಮಗ್ಗ ಕಂಡವನಲ್ಲ. ಎಳೆ ಕಡಿದಾಗಲೆಲ್ಲ ಮಾವ ಎಂಟೂ ಮಗ್ಗ ನಿಲ್ಲಿಸಿ, ಎಲ್ಲರನ್ನೂ ಕರೆದು, ಅಳಿಯನ ಕೈಯಲ್ಲಿ ಗಂಟು ಹಾಕಿಸುತ್ತಿದ್ದರು. ಗಂಟು ಬಿಚ್ಚಿಕೊಳ್ಳುತ್ತಿತ್ತು, ಎಲ್ಲರೂ ನಗುತ್ತಿದ್ದರು. ದಿನಾ. ನಗದವನು ಜಕ್ಕಪ್ಪ ಒಬ್ಬನೇ. ಊಟದ ಹೊತ್ತಿನಲ್ಲಿ ಮೂಲೆಗೆ ಕರೆದು ಬೆರಳು ಹಿಡಿದು ಕಲಿಸುತ್ತಿದ್ದ. ಕೊಲೆಯಾದ ಸೋಮವಾರ ಸಂಜೆ ಜಕ್ಕಪ್ಪ ಧಣಿಯ ಎದುರು ನಿಂತು ಜಗಳ ಮಾಡಿದ್ದೂ ಇದಕ್ಕೇ: ಮನೆಯ ಅಳಿಯನ ಮಾನ ನಾಲ್ಕು ಮಂದಿಯಲ್ಲಿ ತೆಗೆಯಬೇಡಿ ಎಂದು. ಕರೆಂಟು ಹೋಗಿ ಎಲ್ಲರೂ ಹೊರಟ ಮೇಲೆ ಮಾವ ಅಳಿಯನನ್ನು ನಿಲ್ಲಿಸಿಕೊಂಡರು. "ನೇಕಾರನ ಕಡಿಂದ ವಕೀಲಕಿ ಮಾಡಸ್ತೀ? ನಾಳೆ ನಿನ್ನ ಹೇಣ್ತಿನ್ನೂ ಕರಸ್ತೀನಿ, ಆಕಿ ಮುಂದ ಹಾಕು ಗಂಟ," ಎಂದು ನಕ್ಕು ಬೆನ್ನು ತಿರುಗಿಸಿದರು. ಪಾನಾ ಕೈಗೆ ಹತ್ತಿರದಲ್ಲೇ ಇತ್ತು.

"ಆಮ್ಯಾಲ ಎಳಿ ಯಾಕ ಕಟ್ಟಿದ್ದಿ?"

"ಗೊತ್ತಿಲ್ರಿ. ಮೊಬೈಲ್ ಬೆಳಕಿನ್ಯಾಗ ಕಟ್ಟಿದ್ನಿ. ಒಂದರ ಬರೋಬರಿ ಬಂದೀತು ಅಂತ ನೋಡಿದ್ನಿ. ನಗಾಕ ಯಾರೂ ಇರಲಿಲ್ಲ."

"ಜಕ್ಕಪ್ಪನ್ನ ಹಿಡಕೊಂಡ ಹೋದಾಗ?"

"ದಿನಾ ಹೇಳಬೇಕಂತ ಠಾಣೆ ತನಕ ಬರತಿದ್ನಿ. ಮಂದಿ ನೋಡ್ತಾರಂತ ವಾಪಸ್ ಹೋಗತಿದ್ನಿ. ಒಂದ ದಿನ ಬಿಟ್ಟೆ. ಆಮ್ಯಾಲ ಇಷ್ಟ ದಿನ ಯಾಕ ಹೇಳಲಿಲ್ಲ ಅಂತ ಕೇಳ್ತಾರಂತ ಅಂಜಿಕಿ ಬಂತು."

ಸಂಘಮಿತ್ರಾ ತಲೆ ಎತ್ತಲಿಲ್ಲ. ಅವನ ಹೇಳಿಕೆಯ ಆ ನಾಲ್ಕು ಸಾಲು ತನ್ನದೂ ಹೌದು ಎಂದು ಆಕೆಗೆ ಗೊತ್ತಿತ್ತು. ಹನ್ನೊಂದೂ ನಲವತ್ತಕ್ಕೆ ದಸ್ತಗಿರಿ ಆಯಿತು. ಮಧ್ಯಾಹ್ನ ಅವನೇ ತೋರಿಸಿಕೊಟ್ಟ ಹಾಳು ನೂಲಿನ ಗುಡ್ಡೆಯಡಿಯಿಂದ ರಕ್ತದ ಅಂಗಿ ಪಂಚನಾಮೆ ಮಾಡಿ ವಶಪಡಿಸಿಕೊಳ್ಳಲಾಯಿತು.

ಮರುದಿನ ಕೋರ್ಟಿನ ಆದೇಶದ ಮೇಲೆ ಜಕ್ಕಪ್ಪ ಹೊರಗೆ ಬಂದ. ಅದೇ ದಿನ ಸಂಘಮಿತ್ರಾಳಿಗೆ ಕಾರಣ ಕೇಳುವ ನೋಟಿಸೂ ಬಂತು. ಅದನ್ನು ಬ್ಯಾಗಿಗೆ ಹಾಕಿಕೊಂಡೇ ಜೈಲಿನ ಬಾಗಿಲಿಗೆ ಹೋದಳು. ಹೋಗು ಎಂದು ಯಾರೂ ಹೇಳಿರಲಿಲ್ಲ; ವ್ಯಾನಿನಲ್ಲಿ ಬಸಗೊಂಡಪ್ಪ, ಪ್ರಥಮೇಶ ಬಂದು ಹೊರಗೇ ಕೂತರು. ಒಳಗೆ ಹೋಗುವಾಗ ಕಸಿದುಕೊಂಡಿದ್ದ ಸಾಮಾನು ಜಕ್ಕಪ್ಪನಿಗೆ ವಾಪಸು ಕೊಟ್ಟಿದ್ದರು: ಒಂದು ಟವೆಲ್ಲು, ಒಂದು ಪುಟ್ಟ ಭಂಡಾರದ ಚೀಲ. ಮುತ್ತವ್ವ ಅವನ ತೋಳು ಹಿಡಿದು ನಿಂತಿದ್ದಳು.

"ಆ ಹುಡುಗ ಎಲ್ಲಿ ಅದಾನ?" ಎಂದ ಜಕ್ಕಪ್ಪ.

"ಒಳಗರಿ," ಎಂದಳು ಸಂಘಮಿತ್ರಾ.

"ಇನ್ನs ಎರಡ ದಿನ ಸಾಕಿತ್ತು. ಕೈಗೆ ಬರಾಕತ್ತಿತ್ತು ಗಂಟು." ಟವೆಲ್ಲಿನಿಂದ ಮುಖ ಒರೆಸಿಕೊಂಡು ಆಕೆಯನ್ನು ನೋಡಿದ. "ನಿನಗ ಅವತ್ತs ಗೊತ್ತಿತ್ತಲ್ಲ ತಂಗಿ? ನಿನ್ನ ಮಾರಿ ನೋಡಿದ್ನಿ ನಾ."

"ಹೂನ್ರಿ ಕಾಕಾ. ಗೊತ್ತಿತ್ತು."

ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಾಯಿಗೆ ಬರಲಿಲ್ಲ. ಜಕ್ಕಪ್ಪ ಚೀಲದ ಬಾಯಿ ಬಿಚ್ಚಿ, ತನ್ನ ಹಣೆಗೆ, ಮುತ್ತವ್ವನ ಹಣೆಗೆ ಭಂಡಾರ ಹಚ್ಚಿದ. ಸಂಘಮಿತ್ರಾ ತನಗೇ ತಿಳಿಯದಂತೆ ಕೈ ಒಡ್ಡಿದ್ದಳು.

"ನನಗೊಂದ ಚೂರ ಕೊಡ್ರಿ."

ಅವನು ಆ ಅಂಗೈಯನ್ನು ನೋಡಿದ. ಸಿಟ್ಟಿರಲಿಲ್ಲ, ದಣಿವಿತ್ತು.

"ಇವತ್ತ ಬ್ಯಾಡವ್ವ," ಎಂದ. "ಕೊಡಾಕ ಮನಸ ಬರವಲ್ದು. ಸುಳ್ಳ ಮನಸಿಲೆ ಭಂಡಾರ ಕೊಡಬಾರದು. ಮುಂದ ಎಂದರ ಮನಿಗೆ ಬಾ, ನೋಡೂಣು."

ಅವರಿಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಸಂಘಮಿತ್ರಾ ವ್ಯಾನಿಗೆ ಬಂದಳು. ಹಿಂದಿನ ಸೀಟಿಗೆ ಹತ್ತಲು ಹೋದವಳಿಗೆ ಬಸಗೊಂಡಪ್ಪ ಮುಂದಿನ ಬಾಗಿಲು ತೆರೆದು ಸರಿದು ಕೂತರು. ಅವರ ತೊಡೆಯ ಮೇಲೆ ಬುತ್ತಿಯ ಡಬ್ಬಿ ಇತ್ತು.

"ನಿನ್ನ ಎರಡ ತಿಂಗಳ ಹೊರಗ ಕುಂದರಿಸಿದ್ದೂ ನಾ ಗೊತ್ತಿದ್ದs ಮಾಡಿದ್ದು," ಎಂದರು, ರಸ್ತೆಯನ್ನೇ ನೋಡುತ್ತ.

ಪ್ರಥಮೇಶ ಗಾಡಿ ಚಾಲೂ ಮಾಡಿದ. ಸ್ವಲ್ಪ ದೂರ ಹೋದ ಮೇಲೆ ಅವಳು ತನ್ನ ಡಬ್ಬಿಯನ್ನೂ ತೆಗೆದು ನಡುವೆ ಇಟ್ಟಳು.